ಮೇಲ್ರೆಪ್ಪೆಯ ಒಂದು ಗೆರೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ಬಗ್ಗೆ ಬರೆದ ಮೇಲೆ ಸುಟ್ಟಗಾಯ, ಸೀಳುತುಟಿಗಳ ಕುರಿತೇ ಹೆಚ್ಚು ಪ್ರಶ್ನೆಗಳು ಬರುತ್ತವೆಂದು ನಾನು ಎಣಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆಯೇ ಒಂದು ವಿಷಯವನ್ನು ಎತ್ತಿಕೊಂಡಿದ್ದವು. ಏಷ್ಯಾದ ಜನ ತಮ್ಮ ಕಣ್ಣು, ಮೂಗು, ದವಡೆಗಳನ್ನು ಚಿಕಿತ್ಸೆಯಿಂದ ಏಕೆ ಬದಲಿಸಿಕೊಳ್ಳುತ್ತಾರೆ, ಹಾಗೆ ಬದಲಿಸಿಕೊಂಡವರು ಹುಟ್ಟಿದ ಜನಾಂಗದ ಗುರುತನ್ನೇ ಅಳಿಸಿಕೊಂಡಂತಾಗುವುದಿಲ್ಲವೇ ಎಂದು ಹಲವರು ಕೇಳಿದ್ದಾರೆ. ಅವುಗಳಲ್ಲಿ ಐದು ಪತ್ರಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿ. ನಾನೂ ನನ್ನ ತಂಗಿಯೂ ಕೊರಿಯಾದ ಧಾರಾವಾಹಿಗಳನ್ನು ತಪ್ಪದೆ ನೋಡುತ್ತೇವೆ. ಅಲ್ಲಿನ ನಟನಟಿಯರು ಬಿಳಿಯರಂತೆ ಕಾಣಬೇಕೆಂದು ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ಇದು ತಮ್ಮ ಜನಾಂಗದ ಬಗ್ಗೆ ತಾವೇ ನಾಚಿಕೊಳ್ಳುವುದಲ್ಲದೆ ಬೇರೇನಲ್ಲ ಎಂದು ನಮ್ಮ ಅಧ್ಯಾಪಕರೊಬ್ಬರು ಹೇಳಿದರು. ತಂಗಿಗೆ ಇದನ್ನು ಹೇಳಿದರೆ ಅವಳಿಗೆ ಸಿಟ್ಟು ಬಂತು. ಅವರ ಮುಖ, ಅವರ ಇಷ್ಟ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಮೊದಲು ಕಣ್ಣಿನ ರಚನೆಯನ್ನು ತಿಳಿದುಕೊಳ್ಳೋಣ. ಕಣ್ಣು ತೆರೆದಾಗ ಮೇಲ್ರೆಪ್ಪೆಯಲ್ಲಿ ಒಂದು ಮಡಿಕೆ ಬಿದ್ದು ಗೆರೆ ಮೂಡುವುದಕ್ಕೆ ಕಾರಣ, ರೆಪ್ಪೆಯನ್ನು ಮೇಲಕ್ಕೆತ್ತುವ ಸ್ನಾಯುವಿನ ಸಣ್ಣ ಎಳೆಗಳು ಚರ್ಮಕ್ಕೆ ಅಂಟಿಕೊಂಡಿರುವುದು. ಆ ಎಳೆಗಳು ಚರ್ಮವನ್ನು ತಲುಪದೆ, ಒಳಗಿನ ಕೊಬ್ಬಿನ ಪದರ ಸ್ವಲ್ಪ ಕೆಳಗಿನವರೆಗೆ ಇಳಿದಿದ್ದರೆ ಗೆರೆ ಕಾಣುವುದಿಲ್ಲ. ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ. ಪೂರ್ವ ಏಷ್ಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಗೆರೆ ಇರುವುದಿಲ್ಲ, ಉಳಿದವರಿಗೆ ಇರುತ್ತದೆ. ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಇದ್ದು ಇನ್ನೊಬ್ಬಳಿಗೆ ಇಲ್ಲದಿರುವುದು, ಅಷ್ಟೇಕೆ, ಒಬ್ಬಳದೇ ಎರಡು ಕಣ್ಣುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ಕೂಡ ಸಾಮಾನ್ಯ. ಕೊರಿಯನ್ನರು ಗೆರೆ ಇರುವ ರೆಪ್ಪೆಗೆ ‘ಸಾಂಗ್‌ಕೊಪುಲ್’, ಅಂದರೆ ಜೋಡಿ ರೆಪ್ಪೆ, ಎನ್ನುತ್ತಾರೆ. ಹೀಗಿರುವಾಗ ಗೆರೆಯುಳ್ಳ ಕಣ್ಣು ಬಿಳಿಯರದು, ಗೆರೆಯಿಲ್ಲದ ಕಣ್ಣು ಏಷ್ಯಾದವರದು ಎಂದು ಹಂಚಿಕೊಡಲು ಬರುವುದಿಲ್ಲ.

ಈ ಗೆರೆಯನ್ನು ಹೊಲಿಗೆಯಿಂದ ಮೂಡಿಸುವ ವಿಧಾನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರದಿ ಮಾಡಿದವರು ಜಪಾನಿನ ವೈದ್ಯ ಮಿಕಾಮೊ. ಅದು 1896ರಲ್ಲಿ. ಅವರು ಚಿಕಿತ್ಸೆ ಮಾಡಿದ ಹೆಣ್ಣುಮಗಳಿಗೆ ಒಂದು ಕಣ್ಣಿನಲ್ಲಿ ಗೆರೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ರೇಷ್ಮೆ ದಾರದ ಹೊಲಿಗೆಗಳಿಂದ ಎರಡನ್ನೂ ಸರಿದೂಗಿಸಿದರು. ಎಂದರೆ ಈ ಶಸ್ತ್ರಚಿಕಿತ್ಸೆ ಪಶ್ಚಿಮದ ವೈದ್ಯರು ಏಷ್ಯಾಕ್ಕೆ ಹೊತ್ತು ತಂದದ್ದಲ್ಲ. ನಿಮ್ಮ ಅಧ್ಯಾಪಕರಿಗೆ ಇದನ್ನು ವಿನಯದಿಂದಲೇ ತಿಳಿಸಿ.

ಇನ್ನೂ ಒಂದು ವಿಷಯವಿದೆ. ಇಂದು ಕೊರಿಯಾದಲ್ಲಿ ಚೆಲುವೆಂದು ಎಣಿಸುವ ಮುಖ ಬಿಳಿಯರ ಮುಖದ ನಕಲಲ್ಲ. ಅಮೆರಿಕ, ಯೂರೋಪುಗಳಲ್ಲಿ ಎದ್ದುಕಾಣುವ ಕೆನ್ನೆಮೂಳೆಯನ್ನು ಹೊಗಳುತ್ತಾರೆ. ಕೊರಿಯಾದಲ್ಲಿ ಅದೇ ಮೂಳೆಯನ್ನು ಕತ್ತರಿಸಿ ಒಳಕ್ಕೆ ಸರಿಸಿಕೊಳ್ಳುತ್ತಾರೆ. ಪಶ್ಚಿಮದಲ್ಲಿ ವಯಸ್ಸಿನ ಗುರುತೆಂದು ಕಣ್ಣಿನ ಕೆಳಗಿನ ಉಬ್ಬನ್ನು ತೆಗೆಸಿಕೊಳ್ಳುವವರಿದ್ದರೆ, ಕೊರಿಯಾದಲ್ಲಿ ನಕ್ಕಾಗ ಕಣ್ಣಿನಡಿ ಸಣ್ಣ ಉಬ್ಬು ಕಾಣಲೆಂದು ಕೊಬ್ಬು ತುಂಬಿಸಿಕೊಳ್ಳುವವರಿದ್ದಾರೆ. ಬೆಳ್ಳಗಿನ ಚರ್ಮದ ಆಸೆಯೂ ಯೂರೋಪಿನವರ ಹಡಗಿನಲ್ಲಿ ಬಂದಿಳಿದದ್ದಲ್ಲ. ಬಿಳುಪು ಏಳು ದೋಷಗಳನ್ನು ಮುಚ್ಚುತ್ತದೆ ಎಂಬ ಅರ್ಥದ ಹಳೆಯ ಗಾದೆ ಜಪಾನೀ ಭಾಷೆಯಲ್ಲಿದೆ. ಮುಖಲಕ್ಷಣ ನೋಡಿ ಭವಿಷ್ಯ ಹೇಳುವ ಪದ್ಧತಿಯೂ ಕೊರಿಯಾದಲ್ಲಿದ್ದು, ಅದೃಷ್ಟ ಒಲಿಯಲೆಂದು ಮೂಗು, ಹಣೆಗಳನ್ನು ತಿದ್ದಿಸಿಕೊಳ್ಳುವವರೂ ಉಂಟು. ಇಷ್ಟರ ಮಟ್ಟಿಗೆ ನಿಮ್ಮ ತಂಗಿಯ ಸಿಟ್ಟಿನಲ್ಲಿ ನ್ಯಾಯವಿದೆ.

ಆದರೆ ಅಧ್ಯಾಪಕರ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ಜಪಾನೀ ಚಿತ್ರಸುರುಳಿಗಳಲ್ಲಿ ರಾಜಮನೆತನದ ಹೆಣ್ಣುಗಂಡುಗಳ ಕಣ್ಣುಗಳನ್ನು ಕುಂಚದಿಂದ ಎಳೆದ ಒಂದೊಂದು ಸಣ್ಣ ಗೆರೆಯಾಗಿ ಬರೆಯಲಾಗಿದೆ. ಆಗ ಅದೇ ಚೆಲುವು. ಕೊರಿಯಾದ ಚಿತ್ರಕಾರ ಶಿನ್ ಯುನ್‌ಬೊಕ್ ಸುಮಾರು ಇನ್ನೂರು ವರ್ಷಗಳ ಹಿಂದೆ ಬರೆದ ಸುಂದರಿಯ ಚಿತ್ರವೊಂದು ಬಹಳ ಹೆಸರಾದುದು. ಅವಳದು ದುಂಡು ಮುಖ, ಪುಟ್ಟ ಬಾಯಿ, ನೀಳವಾದ ಗೆರೆಯಿಲ್ಲದ ಕಣ್ಣು. ಅಷ್ಟು ಕಾಲ ಚೆಲುವೆನಿಸಿಕೊಂಡ ಕಣ್ಣು ಕೆಲವೇ ತಲೆಮಾರುಗಳಲ್ಲಿ ತಿದ್ದಬೇಕಾದ ಕಣ್ಣಾಯಿತು ಎಂದರೆ ನಡುವೆ ಏನೋ ನಡೆದಿರಲೇಬೇಕು. ನಡೆದದ್ದು ಇಷ್ಟು. ಜರ್ಮನಿಯ ವಿಜ್ಞಾನಿ ಬ್ಲೂಮೆನ್‌ಬಾಖ್ 1795ರ ಹೊತ್ತಿಗೆ ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ, ಅವುಗಳಲ್ಲಿ ಕಕೇಶಿಯನ್ ಎಂದು ತಾನು ಕರೆದ ಬಿಳಿಯ ಜನಾಂಗವೇ ಅತ್ಯಂತ ಸುಂದರವೆಂದು ಬರೆದಿದ್ದ. ಆ ಮಾತು ವಿಜ್ಞಾನದ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿತು. ಅದರ ಹಿಂದೆಯೇ ಯುದ್ಧ, ಆಳ್ವಿಕೆ, ಸಿನಿಮಾಗಳು ಬಂದವು. ಕೊರಿಯಾ ಯುದ್ಧ ಮುಗಿದ ಮಾರನೆಯ ವರ್ಷ, 1954ರಲ್ಲಿ, ಅಮೆರಿಕದ ಸೇನೆಯ ಜೊತೆ ಅಲ್ಲಿಗೆ ಹೋದ ಸರ್ಜನ್ ರಾಲ್ಫ್ ಮಿಲಾರ್ಡ್ ಬಳಿಗೆ ಕೊರಿಯಾದ ದುಭಾಷಿಯೊಬ್ಬ ಬಂದು ತನ್ನ ಕಣ್ಣನ್ನು ಅಗಲ ಮಾಡಿಕೊಡಲು ಕೇಳಿದ. ಅವನು ಕೊಟ್ಟ ಕಾರಣವನ್ನು ಮಿಲಾರ್ಡ್ ತಮ್ಮ ಲೇಖನದಲ್ಲಿ ದಾಖಲಿಸಿದ್ದಾರೆ. ತನ್ನ ಕಣ್ಣುಗಳನ್ನು ನೋಡಿ ತಾನೇನು ಯೋಚಿಸುತ್ತಿದ್ದೇನೆಂದು ಅಮೆರಿಕನ್ನರಿಗೆ ತಿಳಿಯುವುದಿಲ್ಲ, ಹಾಗಾಗಿ ಅವರು ತನ್ನನ್ನು ನಂಬುವುದಿಲ್ಲ ಎಂದು ಅವನು ಹೇಳಿದ್ದ. ಆ ಯುವಕ ಚೆಲುವನ್ನು ಕೇಳಲಿಲ್ಲ. ನಂಬಿಕೆಯನ್ನು ಕೇಳಿದ. ಆ ಸಾಲನ್ನು ನಾನು ಓದಿ ಎಷ್ಟೋ ವರ್ಷಗಳಾದರೂ ಮರೆತಿಲ್ಲ.

ನಾವು ವೈದ್ಯರೂ ಇದರಲ್ಲಿ ಪಾಲುದಾರರು. ಅಮೆರಿಕದ ಮಾನವಶಾಸ್ತ್ರಜ್ಞೆ ಯುಜೀನಿಯಾ ಕಾ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಏಷ್ಯನ್ ಮೂಲದ ಮಹಿಳೆಯರು ಗೆರೆಯಿಲ್ಲದ ಕಣ್ಣನ್ನು ನಿದ್ದೆಗಣ್ಣು, ಮಂಕು ಎಂದು ವರ್ಣಿಸಿದ್ದನ್ನೂ, ವೈದ್ಯರು ಅದೇ ಭಾಷೆಯನ್ನು ವೈದ್ಯಕೀಯ ಪದಗಳಲ್ಲಿ ಹೇಳುತ್ತಿದ್ದುದನ್ನೂ ತೋರಿಸಿದರು. ನನಗೆ ಈ ಪಾಠವನ್ನು ಕಲಿಸಿದ್ದು ಅಧ್ಯಯನವಲ್ಲ, ಒಬ್ಬ ಹುಡುಗಿ. ಹೊರದೇಶದ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದಾಗ, ಹೊರರೋಗಿ ವಿಭಾಗಕ್ಕೆ ಬಂದಿದ್ದ ಇಪ್ಪತ್ತರ ಆಸುಪಾಸಿನ ಚೀನೀ ಮೂಲದ ಹುಡುಗಿಯ ಕೇಸ್ ಶೀಟಿನಲ್ಲಿ, ಹಿರಿಯರು ಬರೆಯುತ್ತಿದ್ದಂತೆಯೇ ನಾನೂ ‘ಎರಡೂ ಮೇಲ್ರೆಪ್ಪೆಗಳಲ್ಲಿ ನ್ಯೂನತೆ’ ಎಂದು ಬರೆದೆ. ಕಾಗದ ಮೇಜಿನ ಮೇಲೆ ಅವಳ ಕಡೆಗೇ ತಿರುಗಿತ್ತು. ಅವಳು ಅದನ್ನು ಓದಿ, ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯನ್ನು ಬಾಗಿಲ ಸಂದಿಯಿಂದ ತೋರಿಸಿ, ‘ಅಮ್ಮನಿಗೂ ಇದೇ ನ್ಯೂನತೆ ಇದೆಯೇ ಡಾಕ್ಟರ್?’ ಎಂದು ಕೇಳಿದಳು. ವ್ಯಂಗ್ಯದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ನಾನು ಆ ಪದವನ್ನು ಹೊಡೆದುಹಾಕಿದೆ. ಅಂದಿನಿಂದ ‘ಗೆರೆಯಿಲ್ಲದ ರೆಪ್ಪೆ, ಸಹಜ’ ಎಂದೇ ಬರೆಯುತ್ತ ಬಂದಿದ್ದೇನೆ. ಆ ಮೇಲೆ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ಮಾತು.

‘ಅವರ ಇಷ್ಟ’ ಎಂಬ ನಿಮ್ಮ ತಂಗಿಯ ಮಾತಿಗೂ ಒಂದು ತಿದ್ದುಪಡಿ ಬೇಕು. ದಕ್ಷಿಣ ಕೊರಿಯಾದಲ್ಲಿ ಕೆಲಸದ ಅರ್ಜಿಗೆ ಫೋಟೊ ಅಂಟಿಸುವುದು ಬಹುಕಾಲದ ರೂಢಿ. ಕಾಲೇಜು ಪ್ರವೇಶ ಪರೀಕ್ಷೆ ಮುಗಿಸಿದ ಮಗಳಿಗೆ ತಂದೆತಾಯಿಯರೇ ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನು ಉಡುಗೊರೆಯಾಗಿ ಕೊಡುತ್ತಾರೆ. ಗ್ಯಾಲಪ್ ಕೊರಿಯಾ ಎಂಬ ಸಮೀಕ್ಷಾ ಸಂಸ್ಥೆ 2015ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 19ರಿಂದ 29 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಯಾವುದಾದರೊಂದು ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾಗಿ ಹೇಳಿದ್ದರು. ಇಷ್ಟು ಜನ ಒಂದೇ ದಿಕ್ಕಿಗೆ ನಡೆಯುವಾಗ ಅದನ್ನು ಬರಿಯ ಇಷ್ಟವೆಂದು ಕರೆಯುವುದು ಕಷ್ಟ. ಇದನ್ನು ಅಲ್ಲಿಯವರೇ ನಮಗಿಂತ ಚೆನ್ನಾಗಿ ಬಲ್ಲರು. ಸಾರ್ವಜನಿಕ ಸಂಸ್ಥೆಗಳ ನೇಮಕಾತಿಯಲ್ಲಿ 2017ರಿಂದ ಅರ್ಜಿಯಲ್ಲಿ ಫೋಟೊ ಕೇಳುವುದನ್ನು ಕೈಬಿಡಲಾಯಿತು. 2019ರ ಜುಲೈನಿಂದ ಜಾರಿಗೆ ಬಂದ ಕಾನೂನು ತಿದ್ದುಪಡಿಯ ಪ್ರಕಾರ, ಕೆಲಸಕ್ಕೆ ಸಂಬಂಧವಿಲ್ಲದ ಎತ್ತರ, ತೂಕ, ರೂಪಗಳ ವಿವರ ಕೇಳುವ ಉದ್ಯೋಗದಾತರಿಗೆ ದಂಡ ಹಾಕಬಹುದು. ಅದರ ಹಿಂದಿನ ವರ್ಷವಷ್ಟೇ ಸಾವಿರಾರು ತರುಣಿಯರು ಕೂದಲು ಮೋಟಾಗಿ ಕತ್ತರಿಸಿ, ಮೇಕಪ್ ಡಬ್ಬಿಗಳನ್ನು ಒಡೆದುಹಾಕಿ, ‘ಕಾರ್ಸೆಟ್ ಕಳಚು’ ಎಂಬ ಹೆಸರಿನಲ್ಲಿ ಚಳವಳಿ ಹೂಡಿದ್ದರು (ಕಾರ್ಸೆಟ್ ಎಂದರೆ ಸೊಂಟ ಸಣ್ಣಗೆ ಕಾಣಲೆಂದು ಹೆಂಗಸರು ಬಿಗಿದು ಕಟ್ಟಿಕೊಳ್ಳುತ್ತಿದ್ದ ಒಳಉಡುಪು). ಕೊರಿಯಾವೆಂದರೆ ಆಪರೇಷನ್ ಎಂದು ದೂರದಿಂದ ಮೂಗು ಮುರಿಯುವವರ ಕಣ್ಣಿಗೆ ಈ ಹೆಣ್ಣುಮಕ್ಕಳು ಬೀಳುವುದೇ ಇಲ್ಲ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ರೆಪ್ಪೆಯ ಗೆರೆಯ ಶಸ್ತ್ರಚಿಕಿತ್ಸೆ ಹೇಗೆ ಮಾಡುತ್ತಾರೆ? ಇಷ್ಟವಾಗದಿದ್ದರೆ ಮೊದಲಿನಂತೆ ಮಾಡಿಸಿಕೊಳ್ಳಬಹುದೇ?

ಉತ್ತರ: ಎರಡು ಮುಖ್ಯ ವಿಧಾನಗಳಿವೆ. ಒಂದರಲ್ಲಿ ಚರ್ಮವನ್ನು ಉದ್ದಕ್ಕೆ ಕೊಯ್ಯದೆ, ಸೂಜಿ ತೂರುವಷ್ಟು ಸಣ್ಣ ರಂಧ್ರಗಳ ಮೂಲಕ ದಾರ ಹಾಯಿಸಿ, ಚರ್ಮವನ್ನು ಒಳಗಿನ ಪದರಕ್ಕೆ ಕಟ್ಟುತ್ತಾರೆ. ಇನ್ನೊಂದರಲ್ಲಿ ಗೆರೆ ಬೇಕಾದಲ್ಲಿ ಚರ್ಮವನ್ನು ಕೊಯ್ದು, ಬೇಕಿದ್ದರೆ ಸ್ವಲ್ಪ ಕೊಬ್ಬು ತೆಗೆದು, ಸ್ನಾಯುವಿನ ಪದರಕ್ಕೆ ಸೇರಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟರೆ ಸಾಕು. ಕೊಯ್ಯುವ ಮೊದಲು ರೋಗಿಯನ್ನು ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ತೆಳುವಾದ ತಂತಿಯಿಂದ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಗೆರೆ ಎಲ್ಲಿ ಬಿದ್ದರೆ ಹೇಗೆ ಕಾಣುತ್ತದೆಂದು ತೋರಿಸುತ್ತೇವೆ. ಒಂದು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಮುಖ ಬೇರೆಯಾಗುತ್ತದೆ. ಹಿಂದಿನ ದಶಕಗಳಲ್ಲಿ ಎಷ್ಟೋ ಸರ್ಜನ್ನರು ಬಿಳಿಯರ ಕಣ್ಣನ್ನೇ ಅಳತೆಗೋಲಾಗಿ ಇಟ್ಟುಕೊಂಡು ಗೆರೆಯನ್ನು ತೀರಾ ಮೇಲಕ್ಕೆ ಕೂರಿಸಿ, ಕೊಬ್ಬನ್ನೂ ಅತಿಯಾಗಿ ತೆಗೆದು, ಕಣ್ಣು ಗುಳಿಬಿದ್ದಂತೆ ಮಾಡಿದ್ದುಂಟು. ಈಗ ಗೆರೆಯನ್ನು ತಗ್ಗಾಗಿ, ಏಷ್ಯಾದ ಸಹಜ ಕಣ್ಣುಗಳಲ್ಲಿ ಇರುವಂತೆಯೇ ಮೂಡಿಸುವುದು ರೂಢಿ. ವೈದ್ಯಕೀಯ ಬರಹಗಳಲ್ಲಿ ‘ಪಾಶ್ಚಾತ್ಯೀಕರಣ’ ಎಂಬ ಪದವೂ ಹಿಂದೆ ಸರಿದಿದೆ.

ಮೊದಲಿನಂತೆ ಮಾಡುವುದು ಸುಲಭವಲ್ಲ. ದಾರದ ವಿಧಾನದಲ್ಲಿ, ಹೆಚ್ಚು ಕಾಲ ಆಗಿರದಿದ್ದರೆ, ದಾರ ಬಿಚ್ಚಿ ಒಂದಷ್ಟು ಮಟ್ಟಿಗೆ ಹಿಂದಿನ ರೂಪ ತರಬಹುದು. ಕೊಯ್ದ ಕಣ್ಣಿನಲ್ಲಿ ಗಾಯದ ಗುರುತು ಉಳಿಯುತ್ತದೆ, ತೆಗೆದ ಚರ್ಮ ಮರಳುವುದಿಲ್ಲ. ಎರಡು ಕಣ್ಣುಗಳ ಗೆರೆ ಹೊಂದದಿರುವುದು, ರೆಪ್ಪೆ ಜೋತುಬೀಳುವುದು, ಕಣ್ಣು ಪೂರ್ತಿ ಮುಚ್ಚದಿರುವುದು, ಸೋಂಕು ಇವೆಲ್ಲ ಆಗಬಹುದಾದವು. ಕಣ್ಣಿನ ಹಿಂದೆ ರಕ್ತಸ್ರಾವವಾಗಿ ದೃಷ್ಟಿ ಹೋಗುವುದು ಬಹಳ ಅಪರೂಪ, ಆದರೂ ರೋಗಿಗೆ ಹೇಳದೆ ಬಿಡಬಾರದ ಮಾತು. ರೆಪ್ಪೆಯ ಕೆಲಸಕ್ಕಿಂತ ದವಡೆಯ ಮೂಳೆ ಕತ್ತರಿಸುವ ಶಸ್ತ್ರಚಿಕಿತ್ಸೆ ಎಷ್ಟೋ ಪಾಲು ಗಂಭೀರವಾದುದು. ಪೂರ್ಣ ಅರಿವಳಿಕೆ ಬೇಕು, ಕೆಳದುಟಿ ಮತ್ತು ಗಲ್ಲದ ಸ್ಪರ್ಶಜ್ಞಾನ ಕೊಡುವ ನರ ಮೂಳೆಯೊಳಗೇ ಹಾದುಹೋಗುತ್ತದೆ. ಸೋಲ್ ನಗರದಲ್ಲಿ 2016ರಲ್ಲಿ ದವಡೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಯುವಕನೊಬ್ಬ ವಿಪರೀತ ರಕ್ತಸ್ರಾವದಿಂದ ಸತ್ತ. ಒಪ್ಪಿಕೊಂಡ ಸರ್ಜನ್ ನಡುವೆ ಎದ್ದುಹೋಗಿ ಬೇರೆಯವರು ಕೆಲಸ ಮುಂದುವರಿಸಿದ್ದು ಕ್ಯಾಮೆರಾದ ದೃಶ್ಯಗಳಿಂದ ಹೊರಬಿತ್ತು. ಅವನ ತಾಯಿ ಆ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿ, ವರ್ಷಗಟ್ಟಲೆ ಹೋರಾಡಿದರು. ರೋಗಿಗೆ ಎಚ್ಚರ ತಪ್ಪಿಸಿ ಮಾಡುವ ಶಸ್ತ್ರಚಿಕಿತ್ಸೆಗಳ ಕೊಠಡಿಯಲ್ಲಿ ಕ್ಯಾಮೆರಾ ಇರಲೇಬೇಕೆಂಬ ಕಾನೂನನ್ನು ಅಲ್ಲಿನ ಸಂಸತ್ತು 2021ರಲ್ಲಿ ಒಪ್ಪಿತು, 2023ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂತು. ನೀವು ನಾಳೆ ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವವರು. ಆ ತಾಯಿಯನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಅಮೆರಿಕದಲ್ಲಿದ್ದೇವೆ. ಮಗಳಿಗೆ ಹದಿನೇಳು. ಅವಳ ಮೂಗು ಅಚ್ಚು ನನ್ನ ಅತ್ತೆಯವರದು, ನಡುವೆ ಸ್ವಲ್ಪ ಉಬ್ಬಿ ತುದಿ ಕೆಳಗೆ ಬಾಗಿದೆ. ಎರಡು ವರ್ಷಗಳಿಂದ ಅದನ್ನು ಸರಿ ಮಾಡಿಸಬೇಕೆಂದು ಹಟ ಹಿಡಿದಿದ್ದಾಳೆ. ಶಾಲೆಯಲ್ಲಿ ಯಾರೋ ಏನೋ ಅಂದಿರಬೇಕು. ಅತ್ತೆಯವರು ತೀರಿಕೊಂಡು ಒಂದು ವರ್ಷವಾಗಿದೆ, ನನ್ನ ಗಂಡನಿಗಂತೂ ಈ ಮಾತು ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಚಿಕ್ಕಂದಿನಿಂದ ಅವಳ ಚರ್ಮ, ಕೂದಲು ಎಲ್ಲದರ ಬಗ್ಗೆಯೂ ನಾನು ಎಷ್ಟು ಕಾಳಜಿ ಮಾಡಿದ್ದೇನೆ, ಬಿಸಿಲಿಗೆ ಕಪ್ಪಾಗದಂತೆ ಕ್ರೀಮು ಹಚ್ಚಿ ಬೆಳೆಸಿದ್ದೇನೆ. ಈಗ ಹೇಗೆ ತಡೆಯಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ನೋವು ಸಣ್ಣದಲ್ಲ. ತೀರಿಕೊಂಡವರ ಮುಖ ಮಗುವಿನಲ್ಲಿ ಕಾಣುತ್ತಿರುವಾಗ ಆ ಮಗುವೇ ಅದು ಬೇಡವೆಂದರೆ ಎರಡನೆಯ ಸಲ ಕಳೆದುಕೊಂಡಂತೆ ಅನಿಸುತ್ತದೆ. ಆದರೆ ಮಗಳೊಂದಿಗೆ ಮಾತಾಡುವಾಗ ಅಜ್ಜಿಯ ಹೆಸರಿನಿಂದ ಆರಂಭಿಸಬೇಡಿ. ಹಾಗೆ ಮಾಡಿದರೆ ತನ್ನ ಮುಖದ ಬಗ್ಗೆ ತಾನು ಪಟ್ಟ ಸಂಕಟದ ಜೊತೆಗೆ ಮನೆಯವರನ್ನು ನೋಯಿಸಿದ ಅಪರಾಧವೂ ಅವಳ ತಲೆಗೇ ಬರುತ್ತದೆ.

‘ಯಾರೋ ಏನೋ ಅಂದಿರಬೇಕು’ ಎಂದಿದ್ದೀರಿ. ಎರಡು ವರ್ಷವಾದರೂ ಯಾರು, ಏನು ಅಂದರೆಂದು ನಿಮಗೆ ತಿಳಿದಿಲ್ಲ. ಮೊದಲು ಅದನ್ನು ಕೇಳಿ, ಕೇಳಿದ ಮೇಲೆ ಉಪದೇಶ ಮಾಡದೆ ಸುಮ್ಮನಿರಿ. ಮೂಗಿನಿಂದ ಒಂದು ಜನವನ್ನು ಗುರುತಿಸಿ ಹಂಗಿಸುವ ಚಾಳಿ ಹಳೆಯದು. ಬರ್ಲಿನ್ನಿನ ಸರ್ಜನ್ ಜಾಕ್ ಜೋಸೆಫ್ 1898ರಲ್ಲಿ, ದೊಡ್ಡ ಮೂಗನ್ನು ಚಿಕ್ಕದು ಮಾಡಿದ ತಮ್ಮ ಮೊದಲ ಚಿಕಿತ್ಸೆಯನ್ನು ವೈದ್ಯರ ಸಭೆಗೆ ವರದಿ ಮಾಡಿದರು. ಅವರು ಯಹೂದಿ. ಯಾಕೋಬ್ ಎಂಬ ಹುಟ್ಟು ಹೆಸರನ್ನು ಅವರೇ ಜಾಕ್ ಎಂದು ಬದಲಿಸಿಕೊಂಡಿದ್ದರು. ಮುಂದೆ ಅವರ ಬಳಿ ಬಂದವರಲ್ಲಿ ಎಷ್ಟೋ ಯಹೂದಿಗಳು ಸುಂದರರಾಗಲು ಬಂದವರಲ್ಲ, ಬೀದಿಯಲ್ಲಿ ಯಾರೂ ತಿರುಗಿ ನೋಡದಿರಲಿ ಎಂದು ಬಂದವರು. ನಿಮ್ಮ ಮಗಳ ಆಸೆಯೂ ಅಂಥದ್ದೇ ಇದ್ದರೆ, ಮೂಗಿಗಿಂತ ಮೊದಲು ಶಾಲೆಯಲ್ಲಿ ಮಾಡಬೇಕಾದ ಕೆಲಸವಿದೆ. ಶಾಲೆಯವರೊಂದಿಗೆ ನೀವಿಬ್ಬರೂ ಕೂತು ಮಾತಾಡಿ.

ಇನ್ನು ವೈದ್ಯಕೀಯ ಮಾತು. ಹುಡುಗಿಯರಲ್ಲಿ ಮೂಗಿನ ಬೆಳವಣಿಗೆ ಹದಿನೈದು ಹದಿನಾರರ ಹೊತ್ತಿಗೆ ಬಹುಮಟ್ಟಿಗೆ ಮುಗಿಯುತ್ತದೆ, ಆದ್ದರಿಂದ ಶರೀರದ ದೃಷ್ಟಿಯಿಂದ ಅವಳ ವಯಸ್ಸು ಅಡ್ಡಿಯಲ್ಲ. ಆದರೆ ಮೂಗಿನ ಶಸ್ತ್ರಚಿಕಿತ್ಸೆ ನಮ್ಮ ಕೆಲಸಗಳಲ್ಲೇ ಅತ್ಯಂತ ಕಠಿಣವಾದವುಗಳಲ್ಲಿ ಒಂದು. ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷ ಬೇಕಾಗುತ್ತದೆ, ಎರಡನೆಯ ಬಾರಿ ತಿದ್ದಿಸಿಕೊಳ್ಳಬೇಕಾಗುವವರೂ ಇದ್ದಾರೆ. ಉಬ್ಬನ್ನು ಅತಿಯಾಗಿ ಕೆತ್ತಿದರೆ ಉಸಿರಾಟಕ್ಕೇ ತೊಂದರೆಯಾಗಬಹುದು. ಅವಳು ಯಾವ ಚಿತ್ರ ನೋಡಿ ಕೊರಗುತ್ತಿದ್ದಾಳೆಂದೂ ವಿಚಾರಿಸಿ. ಫೋನನ್ನು ಮುಖದಿಂದ ಒಂದು ಅಡಿ ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡ ಸುಮಾರು ಶೇಕಡ 30ರಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ತೋರಿಸಿದೆ. ಐದು ಅಡಿ ದೂರದಲ್ಲಿ ಯಾರಾದರೂ ತೆಗೆದ ಫೋಟೊದಲ್ಲಿ ಆ ಹಿಗ್ಗುವಿಕೆ ಇರುವುದಿಲ್ಲ. ಎರಡು ಫೋಟೊಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯ ಮುಂದೆ ನಿಲ್ಲುವುದು, ಮೂಗಿನ ಕಾರಣಕ್ಕೆ ಹೊರಗೆ ಹೋಗದಿರುವುದು, ಮುಖವನ್ನು ಕೈಯಿಂದ ಮುಚ್ಚಿಕೊಂಡು ಮಾತಾಡುವುದು ಇವುಗಳೇನಾದರೂ ಕಂಡರೆ ಸರ್ಜನ್ನರಿಗಿಂತ ಮೊದಲು ಮನೋವೈದ್ಯರನ್ನು ಕಾಣಬೇಕು. ಅದು ದೇಹದ ಒಂದು ಭಾಗದ ಬಗ್ಗೆ ಮನಸ್ಸು ಹಿಡಿದುಕೊಳ್ಳುವ ಕಾಯಿಲೆಯಾಗಿರಬಹುದು, ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಸಮಾಧಾನ ಸಿಗುವುದು ತೀರಾ ಕಡಿಮೆ.

ಇವೆಲ್ಲ ಇಲ್ಲದೆ, ಶಾಂತವಾಗಿ ಯೋಚಿಸಿ, ಹದಿನೆಂಟು ತುಂಬಿದ ಮೇಲೂ ಅವಳಿಗೆ ಬೇಕೆನಿಸಿದರೆ, ನೀವು ಜೊತೆಗಿರಿ. ಉಬ್ಬನ್ನು ಸ್ವಲ್ಪವೇ ತಗ್ಗಿಸಿ, ಮುಖದ ಉಳಿದ ಭಾಗಕ್ಕೂ ಮನೆತನದ ಚಹರೆಗೂ ಹೊಂದುವಂತೆ ಮಾಡುವ ಸರ್ಜನ್ನರಿದ್ದಾರೆ. ಎಲ್ಲರಿಗೂ ಒಂದೇ ಚೂಪು ಮೂಗು ಕೂರಿಸುವವರ ಬಳಿ ಹೋಗಬೇಡಿ.

ಕೊನೆಗೆ ಕ್ರೀಮಿನ ವಿಷಯ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ಬರೆಯದಿದ್ದರೆ ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ನೀವು ಪ್ರೀತಿಯಿಂದಲೇ ಹಚ್ಚಿದಿರಿ. ನನ್ನ ತಾಯಿಯೂ ನನಗೆ ಹಚ್ಚಿದ್ದರು. ಇಲ್ಲಿ 1975ರಲ್ಲಿ ಮಾರಾಟಕ್ಕೆ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟದ್ದು 2020ರಲ್ಲಿ, ಎಂದರೆ ಎರಡು ತಲೆಮಾರಿನ ಹೆಣ್ಣುಮಕ್ಕಳು ಆ ಪದವನ್ನು ಓದುತ್ತಲೇ ಬೆಳೆದರು. ಕಪ್ಪಾಗಬಾರದೆಂದು ದಿನವೂ ಕೇಳಿದ ಮಗುವಿಗೆ, ಹುಟ್ಟಿದ ರೂಪದಲ್ಲಿ ತಿದ್ದಬೇಕಾದದ್ದು ಏನೋ ಇದೆ ಎಂಬ ಮೊದಲ ಸೂಚನೆ ಶಾಲೆಗೆ ಹೋಗುವ ಮುಂಚೆಯೇ ಸಿಕ್ಕಿರುತ್ತದೆ. ಒಂದು ದಿನ ಅವಳ ಬಳಿ ಕೂತು, ‘ಅದು ನಾನು ತಪ್ಪು ಮಾಡಿದೆ ಕಂದ’ ಎಂದು ಹೇಳಿನೋಡಿ. ಅವಳ ನಿರ್ಧಾರ ಏನೇ ಇರಲಿ, ಆ ಮಾತು ಅವಳಿಗೆ ಬೇಕು.

ಪ್ರಶ್ನೆ: ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮಕ್ಕಳಿಗೆ ಹೊಸ ರೂಪ ಬರುತ್ತದೆಯೇ? ಮದುವೆಗೆ ಮೊದಲು ಇದನ್ನು ತಿಳಿಸಬೇಕೇ?

ಉತ್ತರ: ಬರುವುದಿಲ್ಲ. ಕತ್ತಿ ಮುಟ್ಟುವುದು ಚರ್ಮವನ್ನು, ಮೂಳೆಯನ್ನು, ವಂಶವಾಹಿಯನ್ನಲ್ಲ. ತಿಳಿಸುವುದು ಬಿಡುವುದು ಅವರವರಿಗೆ ಸೇರಿದ್ದು. ನನ್ನ ಅಭಿಪ್ರಾಯ ಕೇಳಿದರೆ, ಜೊತೆಯಲ್ಲಿ ಬಾಳುವವರಿಂದ ಮುಚ್ಚಿಟ್ಟುಕೊಂಡು ಅಳುಕುವುದಕ್ಕಿಂತ ಹೇಳುವುದೇ ಮೇಲು.

ಪ್ರಶ್ನೆ: ನಾನು ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದ ಟಿಬೆಟನ್ ಮೂಲದವಳು. ಕನ್ನಡ ಓದಲು ಬರೆಯಲು ಬರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನವೂ ಯಾರಾದರೊಬ್ಬರು ನೀವು ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಕನ್ನಡದಲ್ಲಿ ಉತ್ತರಿಸಿದರೆ ನಗುತ್ತಿದ್ದರು. ಬೀದಿಯಲ್ಲಿ ಕೂಗುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಕೆಲಸದ ಜಾಗದ ಹಿರಿಯರೊಬ್ಬರು, ಮುಂದಿನ ಮೇಜಿನಲ್ಲಿ ಕೂರುವವಳು ಸ್ವಲ್ಪ ಕಣ್ಣು ತೆರೆದಿರಬೇಕು ಎಂದರು. ಏಳು ವರ್ಷಗಳ ಹಿಂದೆ ಕೂಡಿಟ್ಟ ಹಣದಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅಮಾಲಾ, ಅಂದರೆ ನನ್ನ ತಾಯಿ, ಏನೂ ಬೈಯಲಿಲ್ಲ, ಬೆರಳಿನಿಂದ ನನ್ನ ರೆಪ್ಪೆಯನ್ನು ಸವರಿ ನೋವಾಯಿತೇ ಎಂದರು ಅಷ್ಟೆ. ಈಗ ನನ್ನ ಮಗಳಿಗೆ ನಾಲ್ಕು ವರ್ಷ. ಹೋದ ತಿಂಗಳು ನನ್ನ ಶಾಲೆಯ ಗುಂಪು ಫೋಟೊದಲ್ಲಿ ನನ್ನ ಮೇಲೆ ಬೆರಳಿಟ್ಟು, ಇದು ಯಾರು ಎಂದು ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ. ನಾನು ನನ್ನ ಜನಕ್ಕೆ ದ್ರೋಹ ಮಾಡಿದೆನೇ?

ಉತ್ತರ: ಇಲ್ಲ. ನೀವು ಯಾರಿಗೂ ದ್ರೋಹ ಮಾಡಿಲ್ಲ. ನಿಮ್ಮ ಕಣ್ಣು ತೆರೆದೇ ಇತ್ತು. ಅದು ಮುಚ್ಚಿದೆಯೆಂದು ಹೇಳಿದವರ ಮಾತನ್ನು ದಿನವೂ ಕೇಳಿ ಕೇಳಿ, ಊಟದ ಹಣ ಉಳಿಸಿ, ನೋವು ತಿಂದು, ಬದುಕಿಗೊಂದು ದಾರಿ ಮಾಡಿಕೊಂಡಿರಿ. ತಪ್ಪು ಯಾರದೆಂದು ಕೇಳಿದರೆ, ನಿಮ್ಮ ಕನ್ನಡಕ್ಕೆ ನಕ್ಕವರದು, ಮುಂದಿನ ಮೇಜಿನ ಮಾತಾಡಿದ ಹಿರಿಯರದು. ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ನೆಲ ಕೊಟ್ಟು ಅರವತ್ತು ವರ್ಷಗಳ ಮೇಲಾಯಿತು. ಅಲ್ಲಿ ಹುಟ್ಟಿದ ಹೆಣ್ಣುಮಗಳನ್ನು ಯಾವ ದೇಶದವಳೆಂದು ಇನ್ನೂ ಕೇಳುತ್ತಿದ್ದೇವೆ ಎಂಬುದಕ್ಕೆ ನಾಚಿಕೆಪಡಬೇಕಾದವರು ನಾವು.

ನೀವೊಬ್ಬರೇ ಅಲ್ಲ ಎಂದು ತಿಳಿಸಲು ಒಂದು ಸಂಗತಿ ಹೇಳುತ್ತೇನೆ. ಅಮೆರಿಕದ ಪ್ರಸಿದ್ಧ ಟಿ.ವಿ. ನಿರೂಪಕಿ, ಚೀನೀ ಮೂಲದ ಜೂಲಿ ಚೆನ್, ತಾವು ತರುಣಿಯಾಗಿದ್ದಾಗ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು 2013ರಲ್ಲಿ ತಮ್ಮ ಕಾರ್ಯಕ್ರಮದಲ್ಲೇ ಬಹಿರಂಗಪಡಿಸಿದರು. ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ ವರದಿಗಾರ್ತಿಯಾಗಿದ್ದಾಗ, ನಿನ್ನ ಏಷ್ಯನ್ ಕಣ್ಣುಗಳಿಂದಾಗಿ ನೀನು ಸುದ್ದಿ ಓದುವ ಮೇಜಿಗೆ ಬರಲಾರೆ ಎಂದು ಮೇಲಧಿಕಾರಿ ಹೇಳಿದ್ದರಂತೆ. ಅವರ ಮನೆಯಲ್ಲೂ ಈ ವಿಷಯವಾಗಿ ಒಡಕು ಬಂದಿತ್ತು. ಹಿಂದಿನ ಫೋಟೊವನ್ನೂ ಇಂದಿನ ಫೋಟೊವನ್ನೂ ಎಲ್ಲರ ಮುಂದಿಟ್ಟು ಅವರು ಮಾತಾಡಿದರು. ಆಗ ಅವರನ್ನು ಬೈದವರೂ ಇದ್ದರು, ಅಪ್ಪಿಕೊಂಡವರೂ ಇದ್ದರು.

ನಿಮ್ಮ ಮುಂದೆ ಇರುವುದು ಅಷ್ಟು ದೊಡ್ಡ ಸಭೆಯಲ್ಲ, ಒಂದು ಪುಟ್ಟ ಮಗು. ಅವಳಿಗೆ ಸುಳ್ಳು ಹೇಳಬೇಡಿ, ‘ನನ್ನ ಕಣ್ಣು ಚೆನ್ನಾಗಿರಲಿಲ್ಲ, ಅದಕ್ಕೆ ಸರಿ ಮಾಡಿಸಿದೆ’ ಎಂದು ಮಾತ್ರ ಎಂದಿಗೂ ಹೇಳಬೇಡಿ. ಅವಳ ಕಣ್ಣು ನಿಮ್ಮ ಹಳೆಯ ಕಣ್ಣಿನಂತೆಯೇ ಇದ್ದರೆ, ಆ ಮಾತು ನೇರವಾಗಿ ಅವಳಿಗೇ ತಗಲುತ್ತದೆ. ಹೀಗೆ ಹೇಳಬಹುದು: ‘ಇದು ನಾನೇ. ನನ್ನ ಕಣ್ಣು ಅಜ್ಜಿಯ ಕಣ್ಣಿನ ಹಾಗೇ ಇತ್ತು, ನಿನ್ನ ಕಣ್ಣಿನ ಹಾಗೇ ಇತ್ತು. ಕೆಲವರು ನನ್ನನ್ನು ನೋಡಿ ನಕ್ಕರು, ನನಗೆ ಬಹಳ ಬೇಜಾರಾಯಿತು, ಡಾಕ್ಟರ ಹತ್ತಿರ ಹೋಗಿ ಇಲ್ಲೊಂದು ಗೆರೆ ಮಾಡಿಸಿಕೊಂಡೆ.’ ನಾಲ್ಕು ವರ್ಷದವಳಿಗೆ ಅಷ್ಟು ಸಾಕು. ನಕ್ಕವರು ಯಾರು ಎಂದು ಅವಳು ಕೇಳಿಯೇ ಕೇಳುತ್ತಾಳೆ, ಆಗ ಅದನ್ನೂ ಹೇಳಿ. ಶಾಲೆಯ ಫೋಟೊವನ್ನು ಪೆಟ್ಟಿಗೆಗೆ ಹಿಂದಿರುಗಿಸದೆ ಅವಳ ಎತ್ತರಕ್ಕೆ ಗೋಡೆಗೆ ಹಾಕಿ, ಪಕ್ಕದಲ್ಲಿ ಅಮಾಲಾ ಅವರದೂ ಒಂದು ಇರಲಿ.

ಏಳು ವರ್ಷಗಳ ಗಾಯದ ಗುರುತು ಈಗ ಕೂದಲೆಳೆಯಷ್ಟು ತೆಳ್ಳಗಾಗಿರುತ್ತದೆ, ಕಣ್ಣು ಮುಚ್ಚಿದಾಗ ಮಾತ್ರ ಹತ್ತಿರದಿಂದ ಕಾಣುತ್ತದೆ. ಅವಳಿಗೆ ನೋಡಬೇಕೆನಿಸಿದರೆ ಕಣ್ಣು ಮುಚ್ಚಿಕೊಂಡು ಕೂತು, ನಿಮ್ಮ ತಾಯಿ ಸವರಿದ ಹಾಗೆಯೇ ಅವಳೂ ಬೆರಳಿನಿಂದ ಸವರಲು ಬಿಡಿ.